ಸಾರಾಂಶದಲ್ಲಿ ಉಳಿಯಬೇಕಾದ ಹೆಸರುಗಳು

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ ಮೈಲಾರ ಮಹಾದೇವಪ್ಪನವರನ್ನು ಕುರಿತು ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯು ಆಕರಗ್ರಂಥವನ್ನು ತೆರೆದೊಡನೆ ಅವನ ಮುಂದೆ ಎರಡು ಮಾರ್ಗಗಳು ಕಾಣುತ್ತವೆ: ಅಲ್ಲಿಯ ಮಾತನ್ನು ಅರ್ಥವು ಕಿಂಚಿತ್ತೂ ಕುಂದದಂತೆ ತನ್ನ ನುಡಿಯಲ್ಲಿ ಹೇಳುವ ಪುನರ್ನಿರೂಪಣೆ ಒಂದು, ವಿಸ್ತಾರವಾದುದರಲ್ಲಿ ಪ್ರಧಾನವಾದುದನ್ನಷ್ಟೇ ಆಯ್ದು ಹೇಳುವ ಸಾರಾಂಶ ಇನ್ನೊಂದು. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದ ಆಗುವ ಹಾನಿ ಅಲ್ಪವಲ್ಲ.

ಆಕರದಲ್ಲಿ ಹೀಗಿದೆಯೆಂದು ಇಟ್ಟುಕೊಳ್ಳೋಣ: “1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಕೈಕೊಂಡ ಯಾತ್ರೆಯಲ್ಲಿ, ಹದಿನೆಂಟರ ತರುಣ ಮಹಾದೇವಪ್ಪ ಕರ್ನಾಟಕದ ಏಕೈಕ ಸತ್ಯಾಗ್ರಹಿಯಾಗಿ ನಡೆದರು.” ಇಲ್ಲಿ ‘ತರುಣ’ ಎಂಬುದನ್ನು ತೆಗೆದು ‘ಯುವಕ’ ಎಂದಿಟ್ಟ ಮಾತ್ರಕ್ಕೆ ಪುನರ್ನಿರೂಪಣೆಯಾಗದು, ಅದು ವೇಷ ಬದಲಿಸಿದ ನಕಲು. “ಸಾಬರಮತಿಯಿಂದ ದಂಡಿಯವರೆಗೆ 1930ರಲ್ಲಿ ಗಾಂಧೀಜಿಯೊಡನೆ ನಡೆದ ಸತ್ಯಾಗ್ರಹಿಗಳಲ್ಲಿ ಕನ್ನಡನಾಡಿನವರು ಮಹಾದೇವಪ್ಪ ಒಬ್ಬರೇ, ಆಗ ಅವರಿಗೆ ಹದಿನೆಂಟು ವರ್ಷ” ಎಂದರೆ ವಾಕ್ಯದ ಕಟ್ಟು ಹೊಸದು, ಸಂಗತಿ ಅದೇ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಉಪ್ಪಿನ ಕಾಯಿದೆಯನ್ನು ಮುರಿಯಲೆಂದು ಹೊರಟರೆಂಬ ಕಾರಣವನ್ನು ನಡುವೆ ಸೇರಿಸಿದರೆ, ಅದು ಸತ್ಯವೇ ಆದರೂ, ಈ ಆಕರದ ಮಾತಾಗುವುದಿಲ್ಲ.

ಸಾರಾಂಶದ ಕಷ್ಟವೇ ಬೇರೆ. ದಂಡಿಯ ನಡಿಗೆ, ಪತ್ನಿ ಸಿದ್ಧಮ್ಮನವರೂ ಅನುಭವಿಸಿದ ಸೆರೆವಾಸ, 1942ರ ಚಳವಳಿ, ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯ ವಸೂಲಿಯ ಕೇಂದ್ರದ ಮೇಲೆ ನಡೆಸಿದ ದಾಳಿ, ಪೊಲೀಸರ ಗುಂಡಿನೇಟು ಎಲ್ಲವನ್ನೂ ನಾಲ್ಕು ಸಾಲಿಗೆ ಇಳಿಸಬೇಕಾದವನು ಏನನ್ನಾದರೂ ಬಿಡಲೇಬೇಕು. ಬಿಟ್ಟುದರ ಹೊಣೆಯನ್ನೂ ಹೊರಬೇಕು. “ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಹುತಾತ್ಮರಾದರು” ಎಂಬಲ್ಲಿ ಸುಳ್ಳಿನ ಅಕ್ಷರವೊಂದೂ ಇಲ್ಲ. ಆದರೆ ಅವರೊಡನೆ ಅಂದು ಪ್ರಾಣ ತೆತ್ತ ಇಬ್ಬರು ಸಂಗಾತಿಗಳು ಅಲ್ಲಿಂದ ಅಳಿದುಹೋಗಿದ್ದಾರೆ. ತೇದಿಗಳು ಹೋಗಲಿ, ವರ್ಣನೆಗಳು ಹೋಗಲಿ, ಆ ಎರಡು ಹೆಸರುಗಳನ್ನು ಬಿಡುವ ಸಂಕ್ಷೇಪವನ್ನು ನಾನು ಒಪ್ಪಲಾರೆ.

ಎರಡು ವಿಧದಲ್ಲಿಯೂ ಆಕರದ ಋಣವನ್ನು ಬಾಯಿಬಿಟ್ಟು ಹೇಳತಕ್ಕದ್ದು. ಮಾತು ನಮ್ಮದಾದರೂ ತಿಳಿವಳಿಕೆ ಅನ್ಯರದು. ಒಂದೇ ವಾಕ್ಯದ ಸಾರಾಂಶವನ್ನು ಕೇಳಿದರೆ ನಾನು ಇಷ್ಟು ಬರೆದೇನು: ದಂಡಿಯಾತ್ರೆಯಲ್ಲಿ ಕನ್ನಡಿಗರ ಪರವಾಗಿ ಒಬ್ಬರೇ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಇವರೊಡನೆ ಪೊಲೀಸರ ಗುಂಡಿಗೆ ಬಲಿಯಾದರು.