ನಲ್ಲಿಯ ವಾಷರ್, ದೂರದ ಮಾತು

ಹ್ಯಾಮ್ ರೇಡಿಯೋ ಎಂದೊಡನೆ ದುಬಾರಿ ವಿದೇಶಿ ಯಂತ್ರ ನೆನಪಾಗುತ್ತದೆ. ಆದರೆ ಮಾತು ಕಳುಹಿಸುವ, ಕೇಳುವ ಟ್ರಾನ್ಸೀವರನ್ನು ಆನವಟ್ಟಿಯಂಥ ಊರಿನಲ್ಲೂ ಕಟ್ಟಿಕೊಳ್ಳಬಹುದು. ಸುರುಳಿ ಸುತ್ತುವ ವಿಶೇಷ ಉಂಗುರಗಳು ನಮ್ಮ ಪೇಟೆಗಳಲ್ಲಿ ಸಿಗದಿದ್ದುದೇ ಹವ್ಯಾಸಿಗಳಿಗೆ ದೊಡ್ಡ ತೊಡಕಾಗಿತ್ತು.

2000ರ ದಶಕದ ಆರಂಭದಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಇದಕ್ಕೊಂದು ಉಪಾಯ ಕಂಡರು. ಅವರ ‘ಬಿಟ್‌ಎಕ್ಸ್’ ವಿನ್ಯಾಸದಲ್ಲಿ ಹಾರ್ಡ್‌ವೇರ್ ಅಂಗಡಿಯ ನಲ್ಲಿ ವಾಷರಿಗೆ ತಾಮ್ರದ ತಂತಿ ಸುತ್ತಿದರೆ ಸುರುಳಿ ಸಿದ್ಧ. ಒಳಬರುವ ಸಂಕೇತ ಸಾಗಿದ ಶೋಧಕದಲ್ಲೇ ಹೊರಹೋಗುವ ಸಂಕೇತವೂ ಹಿಮ್ಮುಖವಾಗಿ ಸಾಗುವುದರಿಂದ ಬಿಡಿಭಾಗಗಳೂ ಕಡಿಮೆ.

ಹೊರಡುವ ಶಕ್ತಿ ಸುಮಾರು 6 ವಾಟ್ ಮಾತ್ರ. ಆದರೂ 14 ಮೆಗಾಹರ್ಟ್ಸ್ ಅಲೆಗಳನ್ನು ಅಯಾನುಮಂಡಲ ಭೂಮಿಗೆ ಮರಳಿಸುವುದರಿಂದ, ವಾತಾವರಣ ಅನುಕೂಲವಾಗಿದ್ದಾಗ ಮಾತು ಸಾವಿರಾರು ಕಿಲೋಮೀಟರ್ ತಲುಪುತ್ತದೆ. ಆಂಟೆನಾಕ್ಕೆ ಎರಡು ಅಡಿಕೆ ಮರಗಳ ನಡುವೆ ಸುಮಾರು 10 ಮೀಟರ್ ತಂತಿ ಕಟ್ಟಿ, ಮಧ್ಯದಲ್ಲಿ ಕತ್ತರಿಸಿ ಕೇಬಲ್ ಜೋಡಿಸಿದರಾಯಿತು.

ಪ್ರಸಾರಕ್ಕೆ ಮಾತ್ರ ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಲೇಬೇಕು.

ಮಲೆನಾಡಿನ ಮಳೆಯಲ್ಲಿ ಕರೆಂಟು, ಫೋನು ಎರಡೂ ಕೈಕೊಟ್ಟ ದಿನ, 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ರೇಡಿಯೋ, ಅದು ಕೆಟ್ಟರೆ ಸರಿಪಡಿಸಬಲ್ಲ ಕೈ ಊರಿನಲ್ಲೇ ಇರುವುದು ಸಣ್ಣ ಮಾತಲ್ಲ. ಕೊಂಡ ಯಂತ್ರ ಆ ಕೈಯನ್ನು ಕೊಡುವುದಿಲ್ಲ; ಕಟ್ಟಿದ ಯಂತ್ರ ಕೊಡುತ್ತದೆ.