ಆಕಸ್ಮಿಕದಿಂದ ಸಂಗೀತ

ದಾಳವೆಸೆದು ಸ್ವರಗಳನ್ನು ಆಯ್ದರೆ ಸಂಗೀತವಾದೀತೆ? ‘ಸ್ಟೆಪ್ ಸೀಕ್ವೆನ್ಸರ್’ ಎಂಬ ಯಂತ್ರದಿಂದ ನಾವು ಇದನ್ನು ಪರೀಕ್ಷಿಸಿ ನೋಡಬಹುದು. ಅದರಲ್ಲಿ ಸಾಲಾಗಿ ಎಂಟೋ ಹದಿನಾರೋ ತಿರುಗುಗುಂಡಿಗಳಿರುವುವು. ಒಂದೊಂದು ಗುಂಡಿಯೂ ಒಂದೊಂದು ವೋಲ್ಟೇಜನ್ನು ಗೊತ್ತುಮಾಡುವುದು. ವೋಲ್ಟೇಜು ಏರಿದಂತೆ ಸ್ವರವೂ ಏರುವುದು. ವಿದ್ಯುತ್ತಿನ ಮಿಡಿತವು ಗುಂಡಿಯಿಂದ ಗುಂಡಿಗೆ ಸರಿದು, ಕೊನೆ ಮುಟ್ಟಿ, ಮರಳಿ ಮೊದಲಿಗೆ ಬರುವುದು. ಅಮೆರಿಕದ ಡಾನ್ ಬುಕ್ಲಾ 1960ರ ದಶಕದಲ್ಲಿಯೇ ಇಂಥವನ್ನು ನಿರ್ಮಿಸಿದ್ದರು.

ಏಳು ಸ್ವರಗಳನ್ನು ಎಂಟು ಸ್ಥಾನಗಳಲ್ಲಿ 57,64,801 ಬಗೆಯಾಗಿ ಇಡಬಹುದು. ಒಂದೊಂದಕ್ಕೆ ಎರಡೇ ಸೆಕೆಂಡಾದರೂ ಎಲ್ಲವನ್ನೂ ಕೇಳಲು ನಮಗೆ ಹಗಲಿರುಳು ಸೇರಿ 133 ದಿನಕ್ಕೂ ಹೆಚ್ಚು ಬೇಕು! ಪ್ರತಿಸಲವೂ ಹೊಸತೇ ಬಂದರೆ ಕಿವಿಗೆ ಹಿಡಿತ ಸಿಗದು; ಒಂದೇ ಸುತ್ತುತ್ತಿದ್ದರೆ ಬೇಸರ.

ಲಂಡನ್ನಿನ ಟಾಮ್ ವಿಟ್‌ವೆಲ್ 2012ರಲ್ಲಿ ರೂಪಿಸಿದ ‘ಟ್ಯೂರಿಂಗ್ ಮೆಷಿನ್’ ಇವೆರಡನ್ನೂ ಹೊಂದಿಸುವುದು. ಅದರಲ್ಲಿ ಸೊನ್ನೆ, ಒಂದುಗಳ 16 ಅಂಕಗಳು ಚಕ್ರದಂತೆ ಸುತ್ತುವುವು. ಕೊನೆಯ ಅಂಕವು ಮೊದಲಿಗೆ ಮರಳುವಾಗ ಬದಲಾಗುವ ಸಂಭವವನ್ನು ಒಂದು ಗುಂಡಿ ನಿರ್ಧರಿಸುವುದು. ಗುಂಡಿ ನಡುವೆಯಿದ್ದರೆ ಎಲ್ಲವೂ ಆಕಸ್ಮಿಕ. ಬಲತುದಿಯಲ್ಲಿದ್ದರೆ ಎಲ್ಲವೂ ಪುನರಾವರ್ತನೆ. ತುದಿಗಿಂತ ಕೊಂಚ ಈಚೆಗಿದ್ದರೆ ಹಳೆಯದರಲ್ಲಿ ಆಗಾಗ ಹೊಸತು ಸುಳಿಯುವುದು. ಸ್ವರಗಳನ್ನು ಆಯುವುದು ಯಂತ್ರವಾದರೂ, ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದುದು ನಮ್ಮ ಕಿವಿಯೇ.