ದಿಂಬಿನ ನೇರಕ್ಕೆ ದೀಪ ಬೇಡ

ಈಚೆಗೆ ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಕಾಣುವುದು ಫಾಲ್ಸ್ ಸೀಲಿಂಗ್, ಅದರೊಳಗೆ ಹುದುಗಿಸಿದ ಎಲ್‌ಇಡಿ ಸ್ಪಾಟ್‌ಲೈಟ್‌ಗಳು. ನೋಡಲು ಅಂದ, ವಿದ್ಯುತ್ ಖರ್ಚೂ ಕಡಿಮೆ. ಆದರೆ ರಂಧ್ರ ಎಲ್ಲೆಲ್ಲಿ ಕೊರೆಯಬೇಕೆಂದು ತೀರ್ಮಾನಿಸುವವರು ಸೀಲಿಂಗ್ ಕೆಲಸದವರು. ಅದರ ಕೆಳಗೆ ಮಲಗುವವರನ್ನು ಯಾರೂ ಕೇಳುವುದಿಲ್ಲ.

‘ಇದರಿಂದ ಕಣ್ಣು ಹಾಳಾಗುತ್ತದೆಯೇ ಡಾಕ್ಟ್ರೇ?’ ಎಂದು ಹಲವರು ಕೇಳುತ್ತಾರೆ. ಬಿಳಿ ಎಲ್‌ಇಡಿಯಲ್ಲಿ ಮೂಲತಃ ಹುಟ್ಟುವುದು ನೀಲಿ ಬೆಳಕು. ಮೇಲೆ ಲೇಪಿಸಿದ ಹಳದಿ ಫಾಸ್ಫರ್ ಅದನ್ನು ಬಿಳಿಯಾಗಿಸುತ್ತದೆ. ಭಯವೆಲ್ಲ ಈ ನೀಲಿಯದು. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿಯೊಂದು 2018ರಲ್ಲಿ ಇದನ್ನು ಪರಿಶೀಲಿಸಿ, ಸಾಮಾನ್ಯ ಬಳಕೆಯಲ್ಲಿ ಆರೋಗ್ಯವಂತರಿಗೆ ನೇರ ಹಾನಿಯಾಗುತ್ತದೆ ಎನ್ನಲು ಪುರಾವೆ ಇಲ್ಲವೆಂದಿತು. ಆದರೆ ಎಳೆಯ ಮಕ್ಕಳು ಮತ್ತು ವೃದ್ಧರ ವಿಷಯದಲ್ಲಿ ಎಚ್ಚರವಿರಲಿ ಎಂದೂ ಹೇಳಿತು. ಹಸುಗೂಸಿನ ಕಣ್ಣಿನ ಮಸೂರ ತಿಳಿಯಾಗಿದ್ದು ನೀಲಿ ಬೆಳಕನ್ನು ಹೆಚ್ಚಾಗಿ ಒಳಗೆ ಬಿಡುತ್ತದೆ. ಮಗು ಮಲಗುವುದು ಅಂಗಾತ, ನೋಡುವುದೂ ಸೀಲಿಂಗನ್ನೇ. ತೊಟ್ಟಿಲಿನ ಮೇಲಿನ ದೀಪವನ್ನು ಗೋಡೆಯತ್ತ ತಿರುಗಿಸಿಬಿಡಿ.

ವಯಸ್ಸಾದವರ ತೊಂದರೆ ಬೇರೆ ಬಗೆಯದು. 60ರ ಆಸುಪಾಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು, 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಅವರಿಗೆ ಹೆಚ್ಚು ಬೆಳಕು ಬೇಕು. ಆದರೆ ಪೊರೆ ಬರತೊಡಗಿದ ಕಣ್ಣಿಗೆ ಅದು ನೇರವಾಗಿ ಬಿದ್ದರೆ ಒಳಗೆಲ್ಲ ಚದುರಿ ಕಣ್ಣು ಕುಕ್ಕುತ್ತದೆ. ನನ್ನಲ್ಲಿಗೆ ಬರುವ 74 ವರ್ಷದ ಅಜ್ಜಿಯೊಬ್ಬರು ರಾತ್ರಿ ಬಚ್ಚಲಿಗೆ ಹೋಗುವಾಗ ದೀಪವನ್ನೇ ಹಾಕುತ್ತಿರಲಿಲ್ಲ. ಹಾಕಿದರೆ ಸ್ವಲ್ಪ ಹೊತ್ತು ಏನೂ ಕಾಣದು. ಮಗ ಅಷ್ಟು ಖರ್ಚು ಮಾಡಿ ಮಾಡಿಸಿದ್ದನ್ನು ದೂರುವುದು ಹೇಗೆಂದು ಸುಮ್ಮನಿದ್ದರಂತೆ. ಹೊಸ್ತಿಲು ಎಡವಿ ಬಿದ್ದು ಮಣಿಕಟ್ಟು ಮುರಿದ ಮೇಲೆಯೇ ವಿಷಯ ಹೊರಬಂದದ್ದು. ಸೊಂಟದ ಮೂಳೆ ಉಳಿದದ್ದು ಪುಣ್ಯ. ಆಮೇಲೆ ಎರಡು ದೀಪಗಳ ಮುಖ ತಿರುಗಿಸಿ, ಹಾಸಿಗೆಯಿಂದ ಬಚ್ಚಲಿನ ತನಕ ನೆಲದ ಸಮೀಪ ಮಂದವಾದ ಹಳದಿ ದೀಪ ಹಾಕಿಸಿದರು. ಅಷ್ಟೇ ಸಾಕಾಯಿತು.

ಆದ್ದರಿಂದ ಕೊಳ್ಳುವಾಗಲೇ ಮುಖ ತಿರುಗುವ ನಮೂನೆಯ ದೀಪ ಕೇಳಿ. ಸಾಮಾನ್ಯವಾಗಿ ಇವು ಸುಮಾರು 30 ಡಿಗ್ರಿ ವಾಲುತ್ತವೆ. ದೀಪ ಅಂಚಿಗಿಂತ ಒಳಗೆ ಸರಿದಿದ್ದಷ್ಟೂ ಕಣ್ಣಿಗೆ ಹಿತ. ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ: 6500 ಎಂದರೆ ನೀಲಿ ಛಾಯೆಯ ಬಿಳಿ, 2700ರಿಂದ 3000 ಎಂದರೆ ಹಳದಿ. ನಮ್ಮವರಿಗೆ ಬೆಳ್ಳಗೆ ಹೊಳೆಯುವುದೇ ಇಷ್ಟ; ಮಲಗುವ ಕೋಣೆಗೆ ಮಾತ್ರ ಹಳದಿಯೇ ಇರಲಿ. ರಾತ್ರಿ ಹೊತ್ತು ಪ್ರಖರವಾದ ನೀಲಿ ಬೆಳಕು ನಿದ್ರೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ.

ಅಡುಗೆಮನೆಯಲ್ಲಿ ದೀಪ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ನೆರಳೇ ಹೆಚ್ಚುವ ತರಕಾರಿಯ ಮೇಲೆ ಬೀಳುತ್ತದೆ. ಬೆರಳು ಕೊಯ್ದುಕೊಂಡು ಬರುವವರಿಗೆ ನಾನು ದೀಪ ಎಲ್ಲಿದೆ ಎಂದೂ ಕೇಳುವುದುಂಟು. ಕಟ್ಟೆಯ ನೇರ ಮೇಲಕ್ಕೆ ದೀಪವಿರಲಿ. ಮಕ್ಕಳು ಓದುವ ಮೇಜಿಗೆ, ಬಲಗೈಯಲ್ಲಿ ಬರೆಯುವವರಾದರೆ, ಎಡದಿಂದ ಬೆಳಕು ಬರಲಿ.

ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಬರಿಗಣ್ಣಿಗೆ ತಿಳಿಯದಿದ್ದರೂ ಕೆಲವರಿಗೆ ತಲೆನೋವು ತರುತ್ತವೆ. ಮೊಬೈಲ್ ಕ್ಯಾಮೆರಾ ಹಿಡಿದಾಗ ಪರದೆಯಲ್ಲಿ ಪಟ್ಟೆಗಳು ಓಡಿದರೆ ಬೇರೆ ದೀಪ ಕೇಳಿ. ಅಳವಡಿಸುವ ಕೆಲಸ ಎಲೆಕ್ಟ್ರೀಷಿಯನ್‌ಗೇ ಬಿಡಿ. ಭಾನುವಾರ ಕುರ್ಚಿ ಹತ್ತಿ ಬೀಳುವ ಯಜಮಾನರುಗಳು ನಮಗೆ ಹೊಸಬರಲ್ಲ. ಮುಖ ತಿರುಗಿಸುವುದಕ್ಕಾದರೂ ಮೊದಲು ಎಂಸಿಬಿ ಇಳಿಸಿ, ದೀಪ ತಣ್ಣಗಾಗಲು ಬಿಡಿ.

ದೀಪ ತಿರುಗಿಸಿದರೂ ಕಣ್ಣು ಕುಕ್ಕುವುದು ನಿಲ್ಲದಿದ್ದರೆ ಪೊರೆಯ ತಪಾಸಣೆ ಮಾಡಿಸಿ. ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣಿಸಿ, ಕಣ್ಣು ಕೆಂಪಾಗಿ ನೋವು, ವಾಂತಿ ಇದ್ದರೆ ಅದು ಗ್ಲಾಕೋಮಾ ಇರಬಹುದು. ಬೆಳಗಿನ ತನಕ ಕಾಯದೆ ಕಣ್ಣಿನ ಆಸ್ಪತ್ರೆಗೆ ಹೋಗಿ.